ಆಟದೊಳಗೆ ಸೇರಿಕೊಳ್ಳುವುದನ್ನು ಮಕ್ಕಳಿಗೆ ನಾನು ಕಲಿಸುವ ಬಗೆ

ನಾನು ಪ್ರಾಥಮಿಕ ತರಗತಿಗಳಿಗೆ ಪಾಠ ಮಾಡುವವಳು. ವರ್ಷದ ಮಧ್ಯೆ ಬಂದು ಸೇರುವ ಮಕ್ಕಳ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು. ಅಷ್ಟು ಹೊತ್ತಿಗೆ ತರಗತಿಯಲ್ಲಿ ಗುಂಪುಗಳೆಲ್ಲ ಗಟ್ಟಿಯಾಗಿಬಿಟ್ಟಿರುತ್ತವೆ. ಪಾಠದ ವೇಳೆಯಲ್ಲಿ ಹೊಸ ಮಗುವಿನ ಕಷ್ಟ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಿಡುವಿನ ಬೆಲ್ ಹೊಡೆದಾಗ. ಎಲ್ಲರೂ ಹೊರಗೆ ಓಡಿದರೆ ಆ ಮಗು ಬ್ಯಾಗಿನಲ್ಲಿ ಏನೋ ಹುಡುಕುವ ಹಾಗೆ ಕೂತಿರುತ್ತದೆ.

"ಹೋಗಿ ಕೇಳು, ನನ್ನನ್ನೂ ಸೇರಿಸ್ಕೊಳ್ಳಿ ಅನ್ನು" ಎಂದು ದೊಡ್ಡವರು ಹೇಳಿಕೊಡುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆಟ ರಂಗೇರಿದಾಗ ನಡುವೆ ಬಂದು ಕೇಳಿದರೆ "ಬೇಡ" ಅನ್ನುವುದೇ ಮಕ್ಕಳಿಗೆ ಸುಲಭ. ಮಾರ್ಥಾ ಪುಟಲಾಜ್ ಮತ್ತು ಜಾನ್ ಗಾಟ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ಬಂದ ಕೂಡಲೇ ಪ್ರಶ್ನೆ ಕೇಳುವ, ತನ್ನ ಬಗ್ಗೆಯೇ ಹೇಳಿಕೊಳ್ಳುವ, ಆಡುತ್ತಿದ್ದವರ ಮಾತಿಗೆ ಎದುರಾಡುವ ಮಕ್ಕಳನ್ನು ಗುಂಪು ದೂರ ಇಡುತ್ತಿತ್ತು.

ಹಾಗಾಗಿ ನಾನು ಹೇಳಿಕೊಡುವುದು ಬೇರೆ. ಮೊದಲು ಹತ್ತಿರ ನಿಂತು ನೋಡು. ಯಾರು ಔಟ್, ಯಾವುದು ಗೆರೆ, ಯಾರ ಸರದಿ ಎಂಬುದು ಅರ್ಥವಾಗಲಿ. ಆಮೇಲೆ ಆಟಕ್ಕೆ ಏನು ಬೇಕಾಗಿದೆಯೋ ಅದನ್ನು ಮಾಡು. ಮಾತೇ ಆಡದ ಒಬ್ಬ ಹುಡುಗಿ ಹಗ್ಗದಾಟದ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಹಗ್ಗದ ಎರಡು ತುದಿ ಹಿಡಿದು ತಿರುಗಿಸುವವರಿಗೂ ಹಾರುವ ಆಸೆ ಇದ್ದೇ ಇರುತ್ತದಲ್ಲ? ಅದನ್ನು ಅವಳಿಗೆ ತೋರಿಸಿದೆ. ಮರುದಿನ ಅವಳು ಒಬ್ಬಳ ಹತ್ತಿರ ಹೋಗಿ, "ಕೊಡು, ನಾನು ತಿರುಗಿಸ್ತೀನಿ, ನೀನು ಹಾರು" ಅಂದಳು. ಯಾರೂ ಬೇಡ ಅನ್ನಲಿಲ್ಲ. ಬಿಡುವು ಮುಗಿಯುವಷ್ಟರಲ್ಲಿ ಅವಳ ಹಾರುವ ಸರದಿಯೂ ಬಂತು.

ಒಂದು ಗುಂಪು ಬೇಡ ಅಂದರೆ ಇನ್ನೊಂದು. ಎಲ್ಲರಿಗೂ ಬೇಕಾದ ಮಕ್ಕಳಿಗೂ ಎಷ್ಟೋ ಸಲ ಬೇಡ ಅನ್ನಿಸಿಕೊಳ್ಳುವುದು ತಪ್ಪಿದ್ದಲ್ಲ ಎಂದು ಮೊದಲೇ ಹೇಳಿರುತ್ತೇನೆ. ಅದು ಗೊತ್ತಿದ್ದರೆ ಮಗು ಅಷ್ಟಾಗಿ ಕುಗ್ಗುವುದಿಲ್ಲ.

ಭಾರವನ್ನೆಲ್ಲ ಮಗುವಿನ ಮೇಲೇ ಹೊರಿಸುವುದು ಮಾತ್ರ ಅನ್ಯಾಯ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವ ಪದ್ಧತಿಯನ್ನು ನನ್ನ ತರಗತಿಯಲ್ಲಿ ನಿಲ್ಲಿಸಿದ್ದೇನೆ. ಕೊನೆಗೆ ಉಳಿಯುವ ಮಗುವಿನ ಮುಖ ನೋಡಲಾಗುವುದಿಲ್ಲ. "ಎಲ್ಲರೂ ಇವಳ ಜೊತೆ ಆಡಬೇಕು" ಎಂದು ಘೋಷಿಸುವುದೂ ಇಲ್ಲ. ಅದರ ಬದಲು ಪುಸ್ತಕ ಹಂಚುವುದು, ಬೋರ್ಡ್ ಒರೆಸುವುದು ಮುಂತಾದ ಕೆಲಸಗಳನ್ನು ಇಬ್ಬಿಬ್ಬರಿಗೆ ವಹಿಸುತ್ತೇನೆ. ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೂ ಒಂದೊಂದು ತುಂಡು ಕೊಡುತ್ತೇನೆ. ಮನಶ್ಶಾಸ್ತ್ರಜ್ಞ ಎಲಿಯಟ್ ಅರೊನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಶುರುಮಾಡಿದ 'ಜಿಗ್ಸಾ' ವಿಧಾನ ಇದು. ಮೂಲೆಯಲ್ಲಿ ಕೂರುವ ಮಗು ತನ್ನ ಭಾಗ ಹೇಳದಿದ್ದರೆ ಉಳಿದವರ ಪಾಠ ಪೂರ್ತಿಯಾಗದು, ಅದಕ್ಕೇ ಎಲ್ಲರೂ ಕಿವಿಗೊಡುತ್ತಾರೆ.

ಹೊಡೆಯುವುದು, ಅಡ್ಡಹೆಸರಿಟ್ಟು ಕಾಡುವುದು ನಡೆದಿದ್ದರೆ ಈ ಉಪಾಯಗಳ ಮಾತೇ ಬೇಡ. ಅಲ್ಲಿ ದೊಡ್ಡವರು ನಡುವೆ ಬಂದು ಅದನ್ನು ನಿಲ್ಲಿಸಲೇಬೇಕು.

ಪೋಷಕರಿಗೆ ಹೇಳುವುದಿಷ್ಟು: ದಿನಾ "ಫ್ರೆಂಡ್ ಸಿಕ್ಕಿದ್ರಾ?" ಅಂತ ಕೇಳಬೇಡಿ, "ಬಿಡುವಿನಲ್ಲಿ ಏನು ಆಡಿದ್ರಿ?" ಅಂತ ಕೇಳಿ. ರಜೆಯ ದಿನ ತರಗತಿಯ ಒಬ್ಬರನ್ನೇ, ಒಂದೆರಡು ಗಂಟೆ ಮಾತ್ರ, ಮನೆಗೆ ಕರೆಯಿರಿ. ಇಬ್ಬರೂ ಸೇರಿ ಮಾಡುವಂಥ ಏನಾದರೂ ಮೇಜಿನ ಮೇಲೆ ಸಿದ್ಧವಿರಲಿ.