ಕೋಲೋದಲ್ಲಿ ರ‍್ಯಾಕ್ ಹಿಡಿಯೋಕ್ ಮುಂಚೆ ಕರೆಂಟ್ ಎಲ್ಲಿಂದ ಬರ್ತಿದೆ ನೋಡ್ಕೊಳ್ಳಿ

ಕೋಲೋ ಅಂದ್ರೆ ಬೇರೆಯವ್ರ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಜಾಗ ತಗೊಂಡು ನಮ್ಮ ಸರ್ವರ್ ಇಡೋದು, ರ‍್ಯಾಕ್ ಅಂದ್ರೆ ಆ ಸರ್ವರ್ ಜೋಡಿಸೋ ಕಪಾಟು. ವೈಟ್‌ಫೀಲ್ಡ್ ಕಡೆನೋ ಎಲೆಕ್ಟ್ರಾನಿಕ್ ಸಿಟಿ ಕಡೆನೋ ಡೇಟಾ ಸೆಂಟರ್ ನೋಡೋಕೆ ಹೋದ್ರೆ ಸೇಲ್ಸ್‌ನವ್ರು ಮೊದ್ಲು ತೋರ್ಸೋದು ಬಯೋಮೆಟ್ರಿಕ್ ಬಾಗ್ಲು, ಕ್ಯಾಮೆರಾ, ಎಸಿ. ಅದೆಲ್ಲ ಆಮೇಲೆ, ಮೊದ್ಲು ಸಿಂಗಲ್ ಲೈನ್ ಡಯಾಗ್ರಾಮ್ (ಕರೆಂಟ್ ಬರೋ ದಾರಿ ತೋರ್ಸೋ ನಕ್ಷೆ) ಕೇಳಿ. ಕೊಡೋಕೆ ಮೀನಮೇಷ ಎಣಿಸಿದ್ರೆ ಅಲ್ಲೇ ಅರ್ಧ ಉತ್ತರ ಸಿಕ್ಕಂಗೆ.

ಡಯಾಗ್ರಾಮ್ ಸಿಕ್ತಾ, ನಿಮ್ಮ ರ‍್ಯಾಕ್‌ನಿಂದ ಹಿಂದಕ್ಕೆ ಬೆರಳಿಟ್ಕೊಂಡು ಹೋಗಿ. ಎ, ಬಿ ಅಂತ ಎರಡು ಫೀಡ್, ಅಂದ್ರೆ ಕರೆಂಟ್ ಬರೋ ಎರಡು ದಾರಿ ಇರತ್ತೆ. ಎ ಫೀಡ್‌ನ ಪಿಡಿಯು (ಸರ್ವರ್‌ಗಳನ್ನ ಚುಚ್ಚೋ ಪ್ಲಗ್ ಪಟ್ಟಿ), ಯುಪಿಎಸ್, ಪ್ಯಾನೆಲ್, ಟ್ರಾನ್ಸ್‌ಫಾರ್ಮರ್, ಬೆಸ್ಕಾಂ ಲೈನ್. ಬಿ ಫೀಡ್‌ಗೂ ಹಂಗೇ. ಎರಡೂ ಒಂದೇ ಯುಪಿಎಸ್‌ಗೆ ಹೋಗಿ ಸೇರಿದ್ರೆ ನಿಮ್ಗೆ ಎರಡಿರೋದು ಬರೀ ವೈರು. ಬೆಸ್ಕಾಂ ಫೀಡರ್ ಎರಡಿದೆ ಸಾರ್ ಅಂತಾರೆ, ಎರಡೂ ಒಂದೇ ಸಬ್‌ಸ್ಟೇಷನ್‌ನಿಂದ ಬರ್ತಿದ್ಯಾ ಅಂತನೂ ಕೇಳಿ.

ಆಮೇಲೆ ಜನರೇಟರ್. ಏಪ್ರಿಲ್-ಮೇ ಮಳೆಗೆ ಮರ ಬಿದ್ದು ಲೈನ್ ಹೋಯ್ತು ಅಂದ್ಕೊಳ್ಳಿ, ಡಬಲ್ ಕನ್ವರ್ಷನ್ ಯುಪಿಎಸ್ (ಸರ್ವರ್‌ಗೆ ಸದಾ ತನ್ನ ಇನ್ವರ್ಟರ್‌ನಿಂದಲೇ ಕರೆಂಟ್ ಕೊಡೋದು) ಆದ್ರೆ ಸರ್ವರ್‌ಗೆ ಗೊತ್ತೇ ಆಗಲ್ಲ, ಬ್ಯಾಟರಿ ಕೆಲವು ನಿಮಿಷ ಹಿಡ್ಕೊಳತ್ತೆ, ಅಷ್ಟ್ರಲ್ಲಿ ಡಿಜಿ (ಡೀಸೆಲ್ ಜನರೇಟರ್) ಲೋಡ್ ತಗೋಬೇಕು. ಡಿಜಿ ಕೈಕೊಡೋದು ತುಂಬಾ ಸಲ ಅದರ ಸ್ಟಾರ್ಟಿಂಗ್ ಬ್ಯಾಟರಿಯಿಂದನೇ. ಅದಕ್ಕೆ, ಒಂದು ಡಿಜಿ ಎದ್ದೇಳದೇ ಇದ್ರೆ ಉಳಿದವು ಪೂರ್ತಿ ಲೋಡ್ ಹೊರ್ತಾವಾ, ಮೇನ್ಸ್ ನಿಜವಾಗ್ಲೂ ಆಫ್ ಮಾಡಿ ಕೊನೇ ಸಲ ಟೆಸ್ಟ್ ಮಾಡಿದ್ದು ಯಾವಾಗ, ಫುಲ್ ಲೋಡ್‌ನಲ್ಲಿ ಇರೋ ಡೀಸೆಲ್ ಎಷ್ಟು ಗಂಟೆ ಬರತ್ತೆ, ಇಷ್ಟೂ ಕೇಳಿ. ಲೋಡ್ ಇಲ್ದೆ ಸುಮ್ನೆ ಓಡ್ಸೋದು ಟೆಸ್ಟ್ ಅಲ್ಲ. ಬ್ಯಾಟರಿ ರೂಮೂ ನೋಡಿ: ವಿಆರ್‌ಎಲ್‌ಎ (ಸೀಲ್ ಆಗಿರೋ ಲೆಡ್-ಆಸಿಡ್) ಬ್ಯಾಟರಿ ಆದ್ರೆ 25 ಡಿಗ್ರಿ ಮೇಲೆ 10 ಡಿಗ್ರಿ ಜಾಸ್ತಿ ಆದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ.

ಟಿಯರ್ 3 (ಸರ್ವರ್ ನಿಲ್ಲಿಸದೇ ಕರೆಂಟ್, ಕೂಲಿಂಗ್ ರಿಪೇರಿ ಮಾಡ್ಬಹುದು ಅನ್ನೋ ದರ್ಜೆ) ಬೋರ್ಡ್ ನೋಡಿ ಬೀಗ್ಬೇಡಿ. ಆ ದರ್ಜೆ ಕೊಡೋ ಸಂಸ್ಥೆ ಅಪ್‌ಟೈಮ್ ಇನ್‌ಸ್ಟಿಟ್ಯೂಟ್, ಡಿಸೈನ್ ಸರ್ಟಿಫಿಕೇಟ್ ಕೊಡೋದು ಬರೀ ಡ್ರಾಯಿಂಗ್‌ಗೆ, ಕಟ್ಟಿದ ಬಿಲ್ಡಿಂಗ್‌ಗೆ ಬೇರೆನೇ ಇದೆ.

ಇನ್ನು ನಮ್ಮ ಕಡೆ ಕೆಲ್ಸ, ಜಾಸ್ತಿ ಎಡವಟ್ಟಾಗೋದು ಇಲ್ಲೇ. 32 ಆಂಪ್, 230 ವೋಲ್ಟ್ ಫೀಡ್ ಅಂದ್ರೆ 7.36 ಕೆವಿಎ, ಆದ್ರೆ ಬ್ರೇಕರ್‌ನ 80 ಪರ್ಸೆಂಟ್‌ಗಿಂತ ಮೇಲೆ ಸದಾ ಓಡಿಸ್ಬಾರ್ದು, ಅಲ್ಲಿಗೆ 25.6 ಆಂಪ್. ಪಿಡಿಯು ಡಿಸ್‌ಪ್ಲೇನಲ್ಲಿ ಎ 18, ಬಿ 18 ಅಂತ ತೋರಿಸ್ತಿದ್ರೆ ಆರಾಮಾಗಿದೆ ಅನ್ಸತ್ತೆ. ಆದ್ರೆ ಎರಡು ಪವರ್ ಕಾರ್ಡ್ ಇರೋ ಸರ್ವರ್ ಎರಡೂ ಫೀಡ್‌ನಿಂದ ಎಳೀತಿರತ್ತೆ, ಎ ಹೋದ ತಕ್ಷಣ 36 ಆಂಪೂ ಬಿ ತಲೆ ಮೇಲೆ, 32ರ ಮಿತಿ ಮೀರಿ ಅದೂ ಟ್ರಿಪ್ ಆಗ್ಬಹುದು! ಎರಡೂ ಸೇರಿ 25 ದಾಟದ ಹಾಗೆ ನೋಡ್ಕೊಳ್ಳಿ, ಅಂದ್ರೆ ಒಂದೊಂದ್ರಲ್ಲೂ ಸುಮಾರು 12.

ಎ ಗೆ ಕೆಂಪು, ಬಿ ಗೆ ನೀಲಿ ಪವರ್ ಕಾರ್ಡ್ ತಗೊಳ್ಳಿ, ಒಂದೇ ಸರ್ವರ್‌ನ ಎರಡು ಕಾರ್ಡೂ ಒಂದೇ ಪಿಡಿಯುಗೆ ಹೋಗಿದ್ರೆ ದೂರದಿಂದಲೇ ಕಾಣತ್ತೆ. ಒಂದೇ ಕಾರ್ಡ್ ಇರೋ ಹಳೇ ಸ್ವಿಚ್, ಫೈರ್‌ವಾಲ್ ಇದ್ರೆ ರ‍್ಯಾಕ್ ಎಟಿಎಸ್ (ಒಂದು ಫೀಡ್ ಹೋದ್ರೆ ತಾನೇ ಇನ್ನೊಂದಕ್ಕೆ ಬದಲಾಯ್ಸೋ ಸಾಧನ) ಹಾಕ್ಸಿ.

ಕೊನೇಗೆ, ಪ್ರೊಡಕ್ಷನ್ ಲೈವ್ ಮಾಡೋಕ್ ಮುಂಚೆನೇ ಅವರ ಟೆಕ್ನೀಷಿಯನ್‌ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ಎ ಬ್ರೇಕರ್ ಇಳಿಸಿ, ಸರ್ವರ್‌ಗಳಿಗೆ ಲೋಡ್ ಕೊಟ್ಟು ಬಿ ಮೀಟರ್ ನೋಡಿ. ವಾಪಸ್ ಹಾಕಿ, ಬಿ ಇಳಿಸಿ.