ತಜ್ಞ ಸಾಕ್ಷಿಯ ವರದಿಗೆ ಗಡುವು ವಿಸ್ತರಣೆ: ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ನನ್ನ ಅನುಭವ

ಎದುರು ಪಕ್ಷ ದಾಖಲೆಗಳನ್ನು ತಡವಾಗಿ ಕೊಟ್ಟಿದ್ದರಿಂದ ನಮ್ಮ ತಜ್ಞರ ವರದಿ ಗಡುವಿನೊಳಗೆ ಮುಗಿಯುವಂತಿರಲಿಲ್ಲ. ವಕೀಲರ ಪರಸ್ಪರ ಒಪ್ಪಿಗೆ ಸಾಲಲಿಲ್ಲ. ವೇಳಾಪಟ್ಟಿ ನ್ಯಾಯಾಧೀಶರ ಆದೇಶ, ಬದಲಿಸಲು ಅವರ ಸಮ್ಮತಿಯೇ ಬೇಕು. ತಜ್ಞರಿಗೆ ಬಿಡುವಿಲ್ಲವೆಂಬ ಅರ್ಜಿಯೂ ತಿರಸ್ಕೃತವಾಯಿತು.

ಫಲಿಸಿದ್ದು ಸಿವಿಲ್ ಪ್ರಕ್ರಿಯಾ ನಿಯಮ 16(ಬಿ)(4)ರಡಿ ಸೂಕ್ತ ಕಾರಣ ತೋರಿಸಿದ ಹೊಸ ಅರ್ಜಿ. ಅಲ್ಲಿ ಮುಖ್ಯವಾಗಿ ತೂಗುವುದು ಅರ್ಜಿದಾರರ ಶ್ರದ್ಧೆ. ಆದ್ದರಿಂದ ದಾಖಲೆ ಕೇಳಿದ, ಮತ್ತೆ ನೆನಪಿಸಿದ, ಕೊನೆಗೆ ಕೈಸೇರಿದ ದಿನಾಂಕಗಳನ್ನು ಕ್ರಮವಾಗಿ ಬರೆದು, ಪತ್ರಗಳನ್ನು ಲಗತ್ತಿಸಿದೆವು. ಯಾವ ದಾಖಲೆಗಾಗಿ ವರದಿಯ ಯಾವ ಭಾಗ ನಿಂತಿದೆ ಎಂದು ತಜ್ಞರೇ ಲಿಖಿತ ಹೇಳಿಕೆ ಕೊಟ್ಟರು. ಅರ್ಜಿಯ ಜೀವ ಇದೇ. ಎದುರು ಪಕ್ಷದ ಪ್ರತಿವರದಿಗೂ ಅಷ್ಟೇ ಕಾಲಾವಕಾಶ ಕೊಟ್ಟು, ಅಂತಿಮ ವಿಚಾರಣೆಯ ದಿನ ಕದಲದಂತೆ ಕರಡು ಆದೇಶ ಸೇರಿಸಿದೆವು. ಇದೆಲ್ಲ ಹಳೆಯ ಗಡುವಿಗೆ ಮೊದಲೇ ಸಲ್ಲಿಕೆಯಾಗಬೇಕು; ಅನಂತರವಾದರೆ ಆ ವಿಳಂಬವೂ ಕ್ಷಮ್ಯವೆಂದು ತೋರಿಸಬೇಕಾಗುತ್ತದೆ.