ಬೀಗ ಹಾಕುವ ಮೊದಲು ಇನ್ನೊಂದು ಕೀಲಿ ಎತ್ತಿಡಿ

ಗೂಗಲ್ ಖಾತೆಗೆ ಟೂ-ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವ ಬೀಗ, ಹಾಕಿಕೊಳ್ಳಲು ಹತ್ತು ನಿಮಿಷ ಸಾಕು. ಆಮೇಲೆ ಪಾಸ್‌ವರ್ಡ್ ಗೊತ್ತಾದವರಿಗೂ ಸುಲಭವಾಗಿ ಒಳಗೆ ಬರಲಾಗದು. ಆದರೆ ಫೋನ್ ಬಸ್ಸಿನಲ್ಲಿ ಕಳೆದುಹೋದರೆ ಅದೇ ಬೀಗ ನಿಮ್ಮನ್ನೂ ಹೊರಗೆ ನಿಲ್ಲಿಸುತ್ತದೆ. ಪಾಸ್‌ವರ್ಡ್ ನೆನಪಿದೆ, ಕೋಡ್ ಬರುವ ಫೋನೇ ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆರೆದು, ಸೆಕ್ಯುರಿಟಿ ವಿಭಾಗದಲ್ಲಿರುವ ರಿಕವರಿ (ಖಾತೆ ಮರಳಿ ಪಡೆಯಲು ಕೊಟ್ಟಿರುವ) ನಂಬರ್ ಮತ್ತು ಇಮೇಲ್ ನೋಡಿ. ಎಂದೋ ಬಿಟ್ಟ ಸಿಮ್ಮಿನ ನಂಬರ್ ಅಲ್ಲಿದ್ದರೆ ಇವತ್ತೇ ಬದಲಿಸಿ. 90 ದಿನ ಬಳಸದೆ ಬಿಟ್ಟ ಸಿಮ್ ಬಂದ್ ಆಗಬಹುದು, ಆ ನಂಬರ್ ಮುಂದೆ ಬೇರೆಯವರ ಪಾಲಾಗಬಹುದು. ಆಗ ನಿಮ್ಮ ಒಟಿಪಿ ಹೋಗುವುದು ಅವರಿಗೆ.

ಅದೇ ವಿಭಾಗದಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ. ಆನ್ ಆದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಏಳದೆ, ಫೋನ್ ಇಲ್ಲದಾಗಲೂ ಒಳಗೆ ಬಿಡುವ ಬ್ಯಾಕಪ್ ಕೋಡ್ ತೆಗೆದುಕೊಳ್ಳಿ. ಎಂಟು ಅಂಕಿಗಳ ಹತ್ತು ಕೋಡ್‌ಗಳು ಸಿಗುತ್ತವೆ. ಒಂದೊಂದೂ ಒಂದೇ ಸಲಕ್ಕೆ, ಬಳಸಿದ್ದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಸ್ಕ್ರೀನ್‌ಶಾಟ್ ತೆಗೆದು ಸುಮ್ಮನಾಗುವವರೇ ಬಹಳ. ಆ ಚಿತ್ರ ಸೇರುವುದು ಅದೇ ಫೋನಿನ ಗ್ಯಾಲರಿಗೆ, ಬ್ಯಾಕಪ್ ಆನ್ ಇದ್ದರೆ ಅಲ್ಲಿಂದ ಅದೇ ಗೂಗಲ್ ಖಾತೆಗೆ. ಮನೆಯ ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ. ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ. ತಾರೀಖು ಏಕೆಂದರೆ, ಹೊಸ ಹತ್ತು ಕೋಡ್ ತೆಗೆದ ಕ್ಷಣ ಹಳೆಯವೆಲ್ಲ ರದ್ದಾಗುತ್ತವೆ.

ಮುಂದಿನದು ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಗೂಗಲ್ ಅಥೆಂಟಿಕೇಟರ್ ಆ್ಯಪ್. ಕಂಪ್ಯೂಟರಿನಲ್ಲಿ ಖಾತೆಯ ಅದೇ ಸೆಕ್ಯುರಿಟಿ ವಿಭಾಗ ತೆರೆದು ಅಥೆಂಟಿಕೇಟರ್ ಆಯ್ದರೆ ಪರದೆಯಲ್ಲಿ ಕ್ಯೂಆರ್ ಕೋಡ್ ಬರುತ್ತದೆ, ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಬೇಕು. ಆ ಚೌಕದೊಳಗೆ ಒಂದು ಗುಟ್ಟಿನ ಕೀ ಇರುತ್ತದೆ. ಆ ಕೀ ಮತ್ತು ಫೋನಿನ ಗಡಿಯಾರ ಎರಡನ್ನೂ ಕೂಡಿಸಿ ಲೆಕ್ಕ ಹಾಕಿ ಆ್ಯಪ್ 30 ಸೆಕೆಂಡಿಗೊಂದು ಆರಂಕಿಯ ಕೋಡ್ ಕೊಡುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಡ, ಸಿಮ್ ಕೂಡ ಬೇಡ. ಮನೆಯಲ್ಲಿ ನಂಬಿಕೆಯ ಇನ್ನೊಂದು ಫೋನ್ ಇದ್ದರೆ ಪರದೆ ಮುಚ್ಚುವ ಮೊದಲೇ ಅದರಿಂದಲೂ ಸ್ಕ್ಯಾನ್ ಮಾಡಿ, ಎರಡರಲ್ಲೂ ಒಂದೇ ಕೋಡ್ ಬರುತ್ತದೆ. ಎಲ್ಲವನ್ನೂ ಒಂದೇ ಫೋನಿನಲ್ಲಿ ಮಾಡುತ್ತಿದ್ದರೆ ತನ್ನ ಪರದೆಯನ್ನು ತಾನೇ ಸ್ಕ್ಯಾನ್ ಮಾಡಲಾಗದು. ಆಗ ಸ್ಕ್ಯಾನ್ ಆಗುತ್ತಿಲ್ಲ ಎಂಬ ಆಯ್ಕೆ ಒತ್ತಿ, ಅಲ್ಲಿ ಕಾಣುವ ಕೀಯನ್ನು ಆ್ಯಪ್‌ಗೆ ಹಾಕಿ.

ಕೋಡ್ ಸರಿಯಾಗಿ ಒತ್ತಿದರೂ ತಪ್ಪು ಎಂದು ಬರುತ್ತಿದೆಯೇ? ಮೊದಲು ಗಡಿಯಾರ ನೋಡಿ. ಕೆಲವು ನಿಮಿಷ ಹಿಂದೆ ಮುಂದೆ ಇದ್ದರೂ ಕೋಡ್ ಹೊಂದುವುದಿಲ್ಲ. ದುಬೈಗೋ ಅಮೆರಿಕಕ್ಕೋ ಹೋದವರಿಗೆ ಇದು ಹೆಚ್ಚಾಗಿ ಕಾಡುತ್ತದೆ. ಟೈಮ್ ಝೋನ್ ಭಾರತದ್ದೇ ಬಿಟ್ಟು, ಗಂಟೆಯನ್ನು ಮಾತ್ರ ಕೈಯಿಂದ ತಿರುಗಿಸಿಕೊಂಡರೆ ಫೋನಿನ ಲೆಕ್ಕವೇ ಗಂಟೆಗಟ್ಟಲೆ ತಪ್ಪುತ್ತದೆ. ದಿನಾಂಕ, ಸಮಯ, ಝೋನ್ ಮೂರನ್ನೂ ಆಟೊಮ್ಯಾಟಿಕ್‌ಗೆ ಬಿಡಿ.

ಈಗ ಪರೀಕ್ಷೆ. ಖಾತೆಯಿಂದ ಲಾಗ್ ಔಟ್ ಆಗಬೇಡಿ. ಪಕ್ಕದಲ್ಲೇ ಇನ್‌ಕಾಗ್ನಿಟೊ ವಿಂಡೋ (ಹಳೆಯ ಲಾಗಿನ್ ನೆನಪಿಡದ ಬ್ರೌಸರ್ ಕಿಟಕಿ) ತೆರೆದು, ಆ್ಯಪ್ ಕೋಡ್ ಹಾಕಿ ಒಳಗೆ ಹೋಗಿ ನೋಡಿ. ಇನ್ನೊಮ್ಮೆ ಕಾಗದದ ಒಂದು ಕೋಡ್ ಖರ್ಚು ಮಾಡಿ ನೋಡಿ. ಅಂಕಿ ತಪ್ಪಾಗಿ ಬರೆದುಕೊಂಡಿದ್ದರೆ ಈಗಲೇ ಗೊತ್ತಾಗಲಿ.

ಎಸ್‌ಎಂಎಸ್ ಒಟಿಪಿ ಇರಲಿ, ಅದೊಂದನ್ನೇ ನಂಬಿ ಕೂರಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್ ಹಾಕಿಕೊಂಡು ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ, ಒಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳರ ಕೈಸೇರುತ್ತದೆ. ನಕಲಿ ಲಾಗಿನ್ ಪುಟದಲ್ಲಿ ಒತ್ತಿದರೆ ಅಥೆಂಟಿಕೇಟರ್ ಕೋಡೂ ಉಳಿಯದು, ಅವರು ಅದನ್ನು ಅದೇ ಕ್ಷಣ ಅಸಲಿ ಪುಟದಲ್ಲಿ ಹಾಕಿಬಿಡುತ್ತಾರೆ. ಇದಕ್ಕೆ ತಡೆ ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಬೆರಳಚ್ಚು, ಮುಖ ಅಥವಾ ಫೋನಿನ ಲಾಕ್‌ನಿಂದ ಲಾಗಿನ್ ಆಗುವ ವಿಧಾನ. ಅಸಲಿ ವಿಳಾಸ ಬಿಟ್ಟು ಬೇರೆಡೆ ಅದು ಕೆಲಸವನ್ನೇ ಮಾಡದು. ನೀವು ಲಾಗಿನ್ ಆಗದೆ ‘ಇದು ನೀವೇನಾ’ ಎಂಬ ಸೂಚನೆ ಬಂದರೆ ಇಲ್ಲ ಎಂದು ಒತ್ತಿ, ಪಾಸ್‌ವರ್ಡ್ ಬದಲಿಸಿ.

ವಾಟ್ಸ್‌ಆ್ಯಪ್‌ನ ಟೂ-ಸ್ಟೆಪ್ ವೆರಿಫಿಕೇಶನ್‌ಗೆ ಇಡುವ ಆರಂಕಿಯ ಪಿನ್‌ಗೆ ಇಮೇಲ್ ತಪ್ಪದೆ ಜೋಡಿಸಿ. ಇಲ್ಲದಿದ್ದರೆ ಪಿನ್ ಮರೆತವರು ಏಳು ದಿನ ಕಾಯಬೇಕಾದೀತು.

ಹೊಸ ಫೋನ್ ಕೊಂಡಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಆತುರ ಬೇಡ. ಅಥೆಂಟಿಕೇಟರ್‌ನಲ್ಲಿ ಟ್ರಾನ್ಸ್‌ಫರ್ ಅಕೌಂಟ್ಸ್ ಒತ್ತಿ, ಬರುವ ಕ್ಯೂಆರ್ ಅನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಿ. ಹೊಸದರ ಕೋಡ್‌ನಿಂದ ಪ್ರತಿ ಖಾತೆಗೂ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲೆಯೇ ಹಳೆಯದನ್ನು ರೀಸೆಟ್ ಮಾಡಿ.

ಫೋನ್ ಕಳೆದೇ ಹೋದರೆ ಮೊದಲ ಕರೆ ಸಿಮ್ ಕಂಪನಿಗೆ, ಸಿಮ್ ಬ್ಲಾಕ್ ಮಾಡಿಸಿ. ಡೂಪ್ಲಿಕೇಟ್ ಸಿಮ್ ಕೈಗೆ ಬಂದರೂ ನಮ್ಮಲ್ಲಿ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಆ ಒಂದು ದಿನಕ್ಕೇ ಬೀರುವಿನ ಕಾಗದ. ಅದರ ಕೋಡ್ ಹಾಕಿ ಬೇರೆ ಸಾಧನದಿಂದ ಒಳಗೆ ಹೋಗಿ, ಕಳೆದ ಫೋನನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಹೊಸ ಹತ್ತು ಕೋಡ್ ಬರೆದುಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.